ಚಿವುಟದೆ ಬಿಟ್ಟ ಸೋರೆಬಳ್ಳಿ

ಮಾರ್ಚ್ 11, ಮಂಗಳವಾರ

ನೋವು: ಜಾಸ್ತಿ.

ಆಸ್ಪತ್ರೆಯಲ್ಲಿ ಕಾಲಿಗೆ ವ್ಯಾಯಾಮ ಹೇಳಿಕೊಡುವವಳು ದಿನಾ ನೋವು ಜಾಸ್ತಿಯೋ ಕಡಿಮೆಯೋ ಬರೆದಿಡಿ ಎಂದಿದ್ದಾಳೆ. ಬರೆದೆ. ಒಂದೇ ಮಾತು ಬರೆದು ಪುಸ್ತಕ ಮುಚ್ಚಲು ಮನಸ್ಸಾಗುತ್ತಿಲ್ಲ. ಮಾಡಲು ಬೇರೆ ಕೆಲಸವೂ ಇಲ್ಲ.

ಇಪ್ಪತ್ತೈದು ವರ್ಷ ಎತ್ತರದ ಕಟ್ಟಡಗಳ ಹೊರಗೋಡೆಗೆ ಬಣ್ಣ ಬಳಿದವನು ನಾನು. ಕೆಲಸದವರು ನನ್ನನ್ನು ಕರೆಯುವುದೇ ಕೋತಿ ಎಂದು. ಹನ್ನೆರಡನೇ ಮಹಡಿಯಲ್ಲಿ ಹಗ್ಗದ ಹಲಗೆಯ ಮೇಲೆ ತೂಗಾಡುತ್ತ ಬುತ್ತಿ ಬಿಚ್ಚಿ ಉಂಡವನು, ಜನವರಿಯಲ್ಲಿ ಎರಡನೇ ಮಹಡಿಗೆ ಬಿದಿರಿನಲ್ಲಿ ಕಟ್ಟಿದ್ದ ಸಾರುವೆಯಿಂದ ಬಿದ್ದೆ. ಕಾಲ ಕೆಳಗಿನ ಹಲಗೆ ಮುರಿಯಿತು. ನೆಲದಲ್ಲಿ ಮರಳಿನ ರಾಶಿ ಇದ್ದದ್ದರಿಂದ ಹಿಮ್ಮಡಿಯ ಮೂಳೆಯೊಂದೇ ಒಡೆಯಿತು. ನೋಡಲು ಬಂದವರಿಗೆಲ್ಲ "ಬಿದ್ದರೂ ಮೀಸೆ ಮಣ್ಣಾಗಲಿಲ್ಲ" ಎಂದು ನಾನೇ ಹೇಳಿ ನಗಿಸಿದೆ.

ಈಗ ಕೋಲು ಹಿಡಿದು ನಡೆಯಬಹುದು. ಹೆಂಡತಿ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಹಿಡಿದಿದ್ದಾಳೆ. ಹೊರಡುವಾಗ ಹಿತ್ತಲ ಕಡೆ ಕೈ ತೋರಿಸಿ, "ರೀ, ಇವತ್ತಿಂದ ನನ್ನ ತೋಟ ನಿಮ್ಮ ಕೈಯಲ್ಲಿ. ಅಮ್ಮ ಹೇಳ್ಕೊಡ್ತಾಳೆ" ಎಂದಳು.

ಅಮ್ಮ ಅಂದರೆ ನನ್ನ ಅತ್ತೆ. ಮಂಡಿ ನೋವಿನಿಂದ ಆಕೆ ನಡೆಯುವುದು ಕಡಿಮೆ, ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಕಾಲು ಹೋದ ಮೇಲೆ ಬಲವೆಲ್ಲ ಬಾಯಿಗೆ ಬಂದಿದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಅಳಿಯನಿಗೆ ಯಾವ ಕಾಲ ಅಂತ ಯಾರೂ ಹೇಳಿಲ್ಲ.

ಇನ್ನೊಂದು ಮಾತು. ಇದನ್ನು ವ್ಯಾಯಾಮದವಳಿಗೆ ತೋರಿಸುವುದಿಲ್ಲ. ಭಾನುವಾರ ಅಡುಗೆಮನೆಯ ಬಲ್ಬು ಹೋಯಿತು. ಸ್ಟೂಲು ಎಳೆದು, ಸರಿಯಿದ್ದ ಕಾಲನ್ನೇ ಮೊದಲು ಇಟ್ಟೆ. ಅಂಗೈ ಒದ್ದೆಯಾಯಿತು. ನೆಲ ಬಾವಿಯ ಹಾಗೆ ಆಳಕ್ಕೆ ಇಳಿಯಿತು. ಮೊಳಕಾಲೆತ್ತರದ ಸ್ಟೂಲು! ಕಾಲು ನೋವು ಎಂದು ಹೇಳಿ ಪಕ್ಕದ ಮನೆಯವರನ್ನು ಕರೆದೆ.

ಮಾರ್ಚ್ 13

ನೋವು: ಜಾಸ್ತಿ.

ನೀರು ಹಾಕುವುದಕ್ಕೂ ಪಾಠ ಬೇಕಂತೆ. ಕೊಳವೆ ಹಿಡಿದು, ಗೋಡೆಗೆ ಬಣ್ಣ ಎರಚುವವನ ಹಾಗೆ ಎಡದಿಂದ ಬಲಕ್ಕೆ ಬೀಸಿಕೊಂಡು ಹೋದೆ. ಕುರ್ಚಿಯಿಂದ ದನಿ ಬಂತು.

"ಅಳಿಯಂದಿರು ಗಿಡಕ್ಕೆ ನೀರು ಹಾಕ್ತಿದಾರೋ, ತಲೆ ಸ್ನಾನ ಮಾಡಿಸ್ತಿದಾರೋ?"

"ಎರಡೂ ಒಂದೇ ಅಲ್ವಾ ಅತ್ತೆ?"

"ನಿಮಗೆ ಬಾಯಾರಿದಾಗ ತಲೆ ಮೇಲೆ ಸುರಿದ್ರೆ ಸಾಕಾ? ಬುಡಕ್ಕೆ ಹಾಕಿ. ಬಾಯಿ ಇರೋದು ಅಲ್ಲಿ. ನಿಧಾನಕ್ಕೆ, ಮಣ್ಣು ಕುಡಿಯೋವರೆಗೆ ಕಾಯ್ರಿ. ಬಿಸಿಲೇರೋ ಮುಂಚೆ ಮುಗಿಬೇಕು."

ಬದನೆ, ಟೊಮೇಟೊ, ಬೀನ್ಸ್, ಸೌತೆ, ಅಂಚಿನುದ್ದಕ್ಕೂ ಚೆಂಡುಹೂವು, ಮೂಲೆಯಲ್ಲಿ ಒಂದು ಗುಲಾಬಿ, ಚಪ್ಪರದ ಬುಡದಲ್ಲಿ ಮೊಣಕೈ ಉದ್ದದ ಸೋರೆ ಬಳ್ಳಿ. ಒಂದೊಂದರ ಮುಂದೆಯೂ ಬಗ್ಗಿ ನಿಂತು ಕಾಯಬೇಕು. ಕಟ್ಟಡ ಬಳಿಯುವವನಿಗೆ ಬಂದ ಗತಿ.

ಮಾರ್ಚ್ 20

ನೋವು: ಮಧ್ಯಮ.

ಕಳೆ ಕಿತ್ತೆ. ನೆಲದ ಮೇಲೆ ಕೂತು ಮಾಡುವ ಕೆಲಸ, ಬೀಳುವುದಕ್ಕೆ ಜಾಗವೇ ಇಲ್ಲ. ಇದು ನನಗೆ ಒಗ್ಗುತ್ತದೆ.

ಕಿತ್ತ ಕಳೆಯನ್ನೂ ಬೀದಿಯಲ್ಲಿ ಗುಡಿಸಿ ತಂದ ಒಣ ಎಲೆಯನ್ನೂ ಗಿಡಗಳ ಬುಡಕ್ಕೆ ಹೊದಿಸಲು ಅತ್ತೆ ಹೇಳಿದರು. ಬೇಸಿಗೆಯಲ್ಲಿ ಕಂಬಳಿ ಯಾಕೆ ಎಂದು ಕೇಳಿದೆ. "ಮಧ್ಯಾಹ್ನ ಕೈ ಹಾಕಿ ನೋಡಿ" ಎಂದರು. ಮಧ್ಯಾಹ್ನ ಬರಿ ನೆಲ ಕಾದ ಹೆಂಚಾಗಿತ್ತು. ಎಲೆ ಸರಿಸಿ ಬೆರಳಿಟ್ಟರೆ ಕೆಳಗೆ ತಣ್ಣಗೆ, ಬೆಳಗಿನ ನೀರು ಇನ್ನೂ ಇದೆ! ಹೆಂಡತಿ ಬಂದ ಕೂಡಲೇ ಅವಳ ಕೈಯನ್ನೂ ಎಳೆದು ಅಲ್ಲಿಟ್ಟೆ. "ಗೊತ್ತು ಕಣ್ರೀ, ನನ್ನ ತೋಟ ಅಲ್ವಾ?" ಎಂದು ನಕ್ಕಳು.

ಮಾರ್ಚ್ 27

ನೋವು: ಮಧ್ಯಮ.

ಟೊಮೇಟೊ ಗಿಡದಲ್ಲಿ ಕಾಂಡಕ್ಕೂ ಎಲೆಗೂ ನಡುವೆ, ಕಂಕುಳಲ್ಲಿ ಬರುವ ಚಿಗುರನ್ನು ಚಿವುಟಬೇಕು. ಇಲ್ಲದಿದ್ದರೆ ಗಿಡ ಪೊದೆಯಾಗುತ್ತದೆ, ಹಣ್ಣು ಕಾಣುವುದಿಲ್ಲ. ಎರಡು ಸಾಲು ಬೇಗ ಬೇಗ ಮುಗಿಸಿ, ಚಿವುಟಿದ್ದನ್ನು ಬೊಗಸೆಯಲ್ಲಿ ತಂದು ಅತ್ತೆಗೆ ತೋರಿಸಿದೆ.

ಅತ್ತೆ ಒಂದೊಂದನ್ನೇ ಎತ್ತಿ ನೋಡಿದರು. "ಇದು ಚಿಗುರು. ಇದು ಚಿಗುರು. ಇದು ಹೂಗೊಂಚಲು. ಇದೂ ಹೂಗೊಂಚಲು. ಅಳಿಯಂದಿರೇ, ಟೊಮೇಟೊ ಕಂಡ್ರೆ ನಿಮಗೇನು ಹಗೆ?"

ಅವಮಾನವಾಯಿತು. ಊಟವಾದ ಮೇಲೆ ಹೋಗಿ ಗಿಡದ ಮುಂದೆ ಕೂತು ಚಿಗುರು ಯಾವುದು, ಹೂ ಯಾವುದು ಎಂದು ನೋಡುತ್ತಲೇ ಇದ್ದೆ. ಸಂಜೆಯಾದದ್ದು ತಿಳಿಯಲಿಲ್ಲ.

ಏಪ್ರಿಲ್ 3

ನೋವು: ಜಾಸ್ತಿ.

ಮೇಸ್ತ್ರಿ ಫೋನು ಮಾಡಿದ್ದ.

"ಲೇ ಕೋತಿ, ಮೇ ಕೊನೆಗೆ ಹದಿನಾಲ್ಕು ಮಹಡಿ ಶುರು. ನಿನ್ನ ಹಗ್ಗ ಯಾರಿಗೂ ಕೊಟ್ಟಿಲ್ಲ. ಕಾಲು ಹೇಗಿದೆ?"

"ನೋವಿದೆ ಮೇಸ್ತ್ರಿ."

"ಇನ್ನೂ?"

"ಇನ್ನೂ."

"ನೋಡು. ಆಗದಿದ್ರೆ ಮುಂಚೆನೇ ಹೇಳು, ಬೇರೆಯವರನ್ನ ಹುಡುಕಬೇಕು" ಎಂದ.

ಏಪ್ರಿಲ್ 5, ಶನಿವಾರ

ಡಾಕ್ಟರು ಎಕ್ಸ್‌ರೇ ಫೋಟೋವನ್ನು ಬೆಳಕಿಗೆ ಹಿಡಿದು, ಮೂಳೆ ಚೆನ್ನಾಗಿ ಕೂಡಿದೆ, ಕೋಲು ಬಿಡಿ, ಓಡಿ ಬೇಕಾದರೆ, ಎಂದರು. ಹೆಂಡತಿ ಜೊತೆಗಿದ್ದಳು. ನನಗೆ ಸಂತೋಷವಾಗಬೇಕಿತ್ತು. ಕಾಲು ಸರಿಯಾಯಿತು ಎಂದರೆ ಇನ್ನು ಹೇಳಿಕೊಳ್ಳಲು ನೆಪವೇ ಉಳಿಯಲಿಲ್ಲ. ಬಸ್ಸಿಳಿದು ಮನೆಯವರೆಗೆ ಕುಂಟುತ್ತಲೇ ಬಂದೆ.

ಗೇಟಿನ ಬಳಿ ಅವಳು ನಿಂತಳು. "ರೀ, ನೀವು ಎಡಗಾಲು ಕುಂಟ್ತಿದೀರ. ಮುರಿದಿದ್ದು ಬಲಗಾಲು."

ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ಒಳಗೆ ಬಂದು ಚೀಲ ಇಟ್ಟು ಅವಳೇ ಮಾತು ಮುಂದುವರಿಸಿದಳು. "ಕಾಲಲ್ಲ ಅಂತ ನನಗೆ ಯಾವಾಗ್ಲೋ ಗೊತ್ತು. ಹತ್ತಲೇಬೇಕು ಅಂತ ನಾನೇನೂ ಹೇಳ್ತಿಲ್ಲ. ನೆಲದ ಮೇಲೂ ಬೇಕಾದಷ್ಟು ಕೆಲಸ ಇದೆ, ಇಬ್ಬರೂ ದುಡಿಯೋಣ. ಆದ್ರೆ ನನ್ನ ಹತ್ರ ಕುಂಟಬೇಡಿ."

"ನಿನಗೇನು ಗೊತ್ತು ಮೇಲಿನ ವಿಷಯ?" ಎಂದು ಕೂಗಿಬಿಟ್ಟೆ.

ಅವಳು ಕೂಗಲಿಲ್ಲ. ಅದೇ ಕಷ್ಟ.

ಏಪ್ರಿಲ್ 6

ನೀರು ಹಾಕಿದೆ.

ಏಪ್ರಿಲ್ 10

ಸೆಖೆ ಎಂದರೆ ಸೆಖೆ. ಹತ್ತು ಗಂಟೆಗೇ ಸೌತೆಯ ಎಲೆಗಳು ಒದ್ದೆ ಬಟ್ಟೆಯ ಹಾಗೆ ಜೋತು ಬೀಳುತ್ತವೆ. ಬಣ್ಣ ಬಳಿಯುವಾಗ ನೆಲಕ್ಕೆ ಹಾಸುತ್ತಿದ್ದ ಹಳೆಯ ಹೊದಿಕೆಗಳನ್ನು ಹುಡುಕಿ ತೆಗೆದು, ನಾಲ್ಕು ಕೋಲು ನೆಟ್ಟು ನೆರಳು ಮಾಡಿದೆ. ಒಂದೊಂದು ಹೊದಿಕೆಯ ಮೇಲೂ ನಾನು ಬಳಿದ ಕಟ್ಟಡಗಳ ಹನಿಗಳು: ಹಳದಿ, ಇಟ್ಟಿಗೆಗೆಂಪು, ತಿಳಿನೀಲಿ. ಸೌತೆ ಈಗ ಅರಮನೆಯಲ್ಲಿದೆ.

ಬೀನ್ಸಿನ ಎಳೆ ತುದಿಗೆ ಕಪ್ಪು ಹೇನು ಮುತ್ತಿತ್ತು. ಸೋಪಿನ ನೀರಿನಿಂದ ತೊಳೆದೆ. ಬಾಡಿದ ಚೆಂಡುಹೂವನ್ನೆಲ್ಲ ಕಿತ್ತೆ. ಬಾಡಿದ್ದನ್ನು ಗಿಡದಲ್ಲೇ ಬಿಟ್ಟರೆ ಅದು ಬೀಜ ಕಟ್ಟಿ, ನನ್ನ ಕೆಲಸ ಮುಗಿಯಿತು ಎಂದು ಸುಮ್ಮನಾಗುತ್ತದಂತೆ. ಕಿತ್ತರೆ ಮತ್ತೆ ಮೊಗ್ಗು ಬಿಡುತ್ತದೆ.

ಸೋರೆ ಚಪ್ಪರದ ತುದಿ ಮುಟ್ಟಿದೆ. "ಕುಡಿ ಚಿವುಟಿ" ಎಂದರು ಅತ್ತೆ. ತುದಿ ಚಿವುಟಿದರೆ ಪಕ್ಕದ ಕವಲು ಒಡೆದು, ಆ ಕವಲಲ್ಲಿ ಹೆಣ್ಣು ಹೂ ಬಿಡುತ್ತದೆ. ಸ್ಟೂಲು ಬೇಕಿತ್ತು. ನಾಳೆ ನೋಡೋಣ ಎಂದೆ.

ಏಪ್ರಿಲ್ 16

ಬಳ್ಳಿಗೆ ನಾಳೆ ಅನ್ನುವುದು ಗೊತ್ತಿಲ್ಲ. ಚಪ್ಪರ ಬಿಟ್ಟು ಹಿಂದಿನ ಗೋಡೆಗೆ ಹಾರಿ, ನೀರಿನ ಟ್ಯಾಂಕಿಗೆ ಹೋಗಲು ಗೋಡೆಗೆ ಬಿಗಿದ ಕಬ್ಬಿಣದ ಏಣಿಯನ್ನು ಹಿಡಿದು, ಮಾಳಿಗೆಯತ್ತ ಹೊರಟಿದೆ. ಅತ್ತೆ ಕೆಂಡವಾಗಿದ್ದಾರೆ.

"ಚಿವುಟಿ ಅಂದೆ, ಚಿವುಟಲಿಲ್ಲ. ಕೆಳಗೆ ಬರೀ ಗಂಡು ಹೂ. ಹೆಣ್ಣೆಲ್ಲ ಮೇಲೆ ಹೋಗಿ ಕೂತಿವೆ. ಈಗ ಯಾರು ಹೋಗಿ ಮದುವೆ ಮಾಡಿಸ್ತಾರೆ?"

ಹೆಣ್ಣು ಹೂವಿನ ಹಿಂದೆ ಹೆಬ್ಬೆರಳಷ್ಟು ಪುಟ್ಟ ಸೋರೆ ಇರುತ್ತದೆ. ಗಂಡು ಹೂವಿನ ಪುಡಿ ತಾಗಿದರೆ ಬೆಳೆಯುತ್ತದೆ, ಇಲ್ಲದಿದ್ದರೆ ಕಪ್ಪಾಗಿ ಉದುರುತ್ತದೆ. ಹೂ ಬಿರಿಯುವುದು ಸಂಜೆ, ಆ ಹೊತ್ತಿನಲ್ಲಿ ಹಾರುವ ಪತಂಗಗಳೇ ಈ ಕೆಲಸ ಮಾಡಬೇಕು. ಈ ವರ್ಷ ಅವು ಯಾಕೋ ಬಂದಿಲ್ಲ.

ಇವತ್ತು ಬುಡದಲ್ಲಿ ಎರಡು ಕರಿ ಮಿಡಿ ಬಿದ್ದಿದ್ದವು. ಎತ್ತಿ ಜೇಬಿಗೆ ಹಾಕಿಕೊಂಡೆ, ಯಾಕೋ ಎಸೆಯಲಾಗಲಿಲ್ಲ.

ಏಪ್ರಿಲ್ 19

ಚಪ್ಪರದ ಅಂಚಿನಲ್ಲಿ ಒಂದೇ ಒಂದು ಹೆಣ್ಣು ಹೂ ಬಿರಿದಿತ್ತು. ಸ್ಟೂಲು ತಂದೆ. ಕಿಟಕಿಯ ಅಂಚು ಬಳಿಯುವ ಸಣ್ಣ ಬ್ರಷ್ಷು ತೊಳೆದು, ಗಂಡು ಹೂವಿನ ಹಳದಿ ಪುಡಿ ಅದ್ದಿಕೊಂಡೆ. ಎಡಗೈಯಿಂದ ಕಂಬ ತಬ್ಬಿ ಹತ್ತಿದೆ. ಅಂಗೈ ಬೆವರಿ ಕಂಬ ಜಾರುತ್ತಿತ್ತು. ಕಣ್ಣು ಹೂವಿನಿಂದ ಕೀಳಲಿಲ್ಲ. ನಾಲ್ಕು ಸಲ ಬ್ರಷ್ಷು ಆಡಿಸಿ ಇಳಿದು, ನೆಲದ ಮೇಲೆ ಕೂತುಬಿಟ್ಟೆ.

"ಆಯ್ತಾ?" ಎಂದರು ಅತ್ತೆ.

"ಆಯ್ತು."

"ಹೂ ಎಷ್ಟು ಚೆಂದ ಅಲ್ವಾ, ಹತ್ತಿರದಿಂದ?"

ಹೌದು. ಕಾಗದಕ್ಕಿಂತ ಬಿಳಿ. ನಾನು ಬಳಿದ ಯಾವ ಬಿಳಿಯೂ ಅಷ್ಟು ಬಿಳಿಯಲ್ಲ.

ಏಪ್ರಿಲ್ 22

ಮೊನ್ನೆಯ ಮಿಡಿ ಉದುರಿಲ್ಲ! ಬೆರಳಿನಷ್ಟಿದ್ದದ್ದು ಬಾಳೆಹಣ್ಣಿನಷ್ಟಾಗಿದೆ. ಇವತ್ತಿನ ಹೂ ಅದಕ್ಕಿಂತ ಮೇಲಿದೆ, ಏಣಿಯ ಮೂರನೇ ಮೆಟ್ಟಿಲಿನಿಂದ ಕೈಗೆಟುಕಿತು. ಗಂಡು ಹೂ ಸಾಲದೆ ಇನ್ನೊಂದು ಕೀಳಲು ಇಳಿದು ಮತ್ತೆ ಹತ್ತಬೇಕಾಯಿತು. ಬೇಸರದ ಕೆಲಸ. ನಾಳೆಯಿಂದ ಗಂಡು ಹೂಗಳನ್ನು ಮೊದಲೇ ಕಿತ್ತು ಜೇಬಲ್ಲಿಟ್ಟುಕೊಳ್ಳಬೇಕು.

ಏಪ್ರಿಲ್ 28

ಈ ಬಳ್ಳಿಗೆ ಬುದ್ಧಿ ಇಲ್ಲ. ದಿನಾ ಹೂ ಬಿಡುವುದು ನಿನ್ನೆಗಿಂತ ಒಂದು ಮೆಟ್ಟಿಲು ಮೇಲೆಯೇ. ಇವತ್ತು ಮೂರು ಹೂ, ಮೂರಕ್ಕೂ ಪುಡಿ ತಾಗಿಸಿದೆ. ಏಣಿಗೆ ತುಕ್ಕು ಹಿಡಿದಿದೆ, ಕೈಯೆಲ್ಲ ಕೆಂಪು. ಇದನ್ನು ಉಜ್ಜಿ ಬಣ್ಣ ಹಚ್ಚದಿದ್ದರೆ ನನಗೇ ನಾಚಿಕೆ.

ಬೀನ್ಸ್ ಈಗ ದಿನಾ ಕೀಳಬೇಕು. ಒಂದು ದಿನ ಬಿಟ್ಟರೆ ನಾರಾಗುತ್ತದೆ. ನಮ್ಮ ಟೊಮೇಟೊ ಕೆಂಪಾಗುತ್ತಿದೆ.

ಮೇ 3, ಶನಿವಾರ

ಏಣಿಗೆ ಹಸಿರು ಬಣ್ಣ ಹಚ್ಚಿದೆ. ಹೆಂಡತಿ ಕೆಲಸದಿಂದ ಬಂದವಳು ಹಿತ್ತಲ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು.

"ಎಲ್ಲಿಂದ ಶುರು ಮಾಡಿದ್ರಿ?"

"ಮೇಲಿಂದ. ಬಣ್ಣ ಯಾವಾಗ್ಲೂ ಮೇಲಿಂದ ಕೆಳಕ್ಕೆ ಕಣೇ. ಕೆಳಗಿಂದ ಹಚ್ಚಿದ್ರೆ ಹಸಿ ಬಣ್ಣ ತುಳಿದುಕೊಂಡೇ ಹತ್ತಬೇಕಾಗುತ್ತೆ."

"ಹೌದಲ್ವಾ" ಎಂದು ಒಳಗೆ ಹೋದಳು. ಅವಳೂ ಅತ್ತೆಯೂ ಏನೋ ಪಿಸುಗುಟ್ಟಿ ನಗುವುದು ಕೇಳಿಸಿತು. ಹಸಿರು ಅವರಿಗೆ ಹಿಡಿಸಲಿಲ್ಲವೇನೋ. ಎಲೆಯ ನಡುವೆ ಎದ್ದು ಕಾಣಬಾರದು ಎಂದು ನಾನೇ ಆರಿಸಿದ್ದು. ಬಣ್ಣದ ವಿಷಯದಲ್ಲಿ ಯಾರ ಮಾತೂ ಕೇಳುವುದಿಲ್ಲ.

ಮೇ 7

ಮೊದಲ ಸೋರೆ ಕೊಯ್ದೆವು! ಹೆಂಡತಿ ಅದನ್ನು ಕೂಸಿನ ಹಾಗೆ ಎತ್ತಿಕೊಂಡು ಬೀದಿಯಲ್ಲಿ ನಾಲ್ಕು ಮನೆಗೆ ತೋರಿಸಿ ಬಂದಳು. ಅತ್ತೆ ಉಗುರಿನಿಂದ ಸಿಪ್ಪೆ ಒತ್ತಿ ನೋಡಿ, "ಎಳೇದು. ಚೆನ್ನಾಗಿದೆ" ಎಂದರು. ಅವರ ಬಾಯಿಂದ ಚೆನ್ನಾಗಿದೆ ಅನ್ನುವ ಮಾತು ಬಂದದ್ದು ನನ್ನ ಮದುವೆಯಾದ ಮೇಲೆ ಇದೇ ಮೊದಲು. ನನ್ನ ಬಗ್ಗೆ ಅಲ್ಲ, ಸೋರೆಯ ಬಗ್ಗೆ. ಆದರೂ ಬಂತು.

ಬಳ್ಳಿ ಈಗ ಮಾಳಿಗೆಯನ್ನೂ ದಾಟಿ ಟ್ಯಾಂಕಿನ ಕಂಬ ಸುತ್ತುತ್ತಿದೆ. ಹೂವೆಲ್ಲ ಅಲ್ಲೇ.

ಮೇ 11, ಭಾನುವಾರ

ಇವತ್ತು ನಡೆದದ್ದನ್ನು ಸರಿಯಾಗಿ ಬರೆಯಬೇಕು.

ಸಂಜೆ ಮಾಳಿಗೆಯ ಅಂಚಿಗಿರುವ ಟ್ಯಾಂಕಿನ ಕಂಬದ ಮೇಲಿದ್ದೆ. ಅಲ್ಲಿಂದ ಹೊರಗೆ ಜೋತಿದ್ದ ದೊಡ್ಡ ಸೋರೆ ಗಾಳಿಗೆ ಗೋಡೆಗೆ ಉಜ್ಜಿ ಗಾಯವಾಗುತ್ತಿತ್ತು. ಅದಕ್ಕೆ ಹಳೇ ಬಟ್ಟೆಯ ತೊಟ್ಟಿಲು ಕಟ್ಟುತ್ತಿದ್ದೆ. ಬ್ರಷ್ಷು ಹಲ್ಲಲ್ಲಿ ಕಚ್ಚಿಕೊಂಡಿದ್ದೆ. ಒಂದು ಕಾಲು ಕಂಬದ ಅಡ್ಡಪಟ್ಟಿಯ ಮೇಲೆ, ಇನ್ನೊಂದು ಗಾಳಿಯಲ್ಲಿ.

ಕೆಳಗೆ ಮೇಸ್ತ್ರಿಯ ದನಿ ಕೇಳಿತು. ನಮ್ಮ ಅತ್ತೆಯ ಮುಂದೆ ನಿಂತು, ತಗ್ಗಿಸಿದೆ ಎಂದುಕೊಂಡ ದನಿಯಲ್ಲಿ, "ಅಮ್ಮ, ಅವನಿಗೆ ಹೇಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ. ಸಾಮಾನು ಕಾಯೋ ಕೆಲಸ ಒಂದಿದೆ. ಕೂತು ಮಾಡೋದು. ಮನಸ್ಸಿಗೆ ಬೇಜಾರು ಮಾಡ್ಕೋಬಾರದು. ಎಲ್ಲಿ ಅವನು?" ಎಂದ.

ಅತ್ತೆ ಬೆರಳನ್ನು ಆಕಾಶಕ್ಕೆ ತೋರಿಸಿದರು.

ಮೇಸ್ತ್ರಿ ತಲೆ ಎತ್ತಿದ. ಬಾಯಿ ಬಿಟ್ಟುಕೊಂಡು ನಿಂತೇ ಇದ್ದ. ಸೋರೆಗೆ ಏನೋ ಆಗಿದೆ ಎಂದುಕೊಂಡು ನಾನೂ ಸೋರೆ ನೋಡಿದೆ. ಬ್ರಷ್ಷು ತೆಗೆದು, "ಏನ್ ಮೇಸ್ತ್ರಿ, ಹೀಗೆ ನೋಡ್ತಿದೀಯ?" ಎಂದೆ.

"ಲೇ ಕೋತಿ," ಎಂದ. "ನೀನು ಎಲ್ಲಿದೀಯ ಅಂತ ನಿನಗೆ ಗೊತ್ತಾ?"

ಆಗ ಕೆಳಗೆ ನೋಡಿದೆ. ಅತ್ತೆಯ ನಡುಬೈತಲೆಯಷ್ಟೇ ಕಂಡಿತು. ಮೇಸ್ತ್ರಿಯ ಬೋಳು ಕಂಡಿತು. ಹೆಂಡತಿ ಎರಡೂ ಕೈ ಬಾಯಿಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನಮ್ಮ ತೋಟ ಇಡೀ ಒಂದು ಹಾಸಿದ ಬಟ್ಟೆಯ ಹಾಗೆ ಹಸಿರು, ಹಳದಿ, ಕೆಂಪಾಗಿತ್ತು.

ಗಂಟು ಬಿಗಿದು, ಇಳಿದು ಬಂದೆ. ಮೇಸ್ತ್ರಿ ನನ್ನ ಹೆಗಲ ಮೇಲೆ ಕೈಯಿಟ್ಟು ಒಂದು ಸಲ ಜೋರಾಗಿ ಅಲುಗಾಡಿಸಿದ. ಕೂತು ಮಾಡುವ ಕೆಲಸದ ಮಾತೇ ಎತ್ತದೆ, ಒಂದು ಚೀಲ ಟೊಮೇಟೊ ತೆಗೆದುಕೊಂಡು ಹೋದ.

ಮೇ 12

ತಿಳಿಯದೆ ಹತ್ತುವುದು ಒಂದು. ತಿಳಿದ ಮೇಲೆ ಹತ್ತುವುದು ಬೇರೆ. ಹೂವಿನ ನೆಪ ಇಲ್ಲದೆ, ಬೆಳಗ್ಗೆ ಬೇಕೆಂದೇ ಏಣಿಯ ಮುಂದೆ ನಿಂತೆ. ಐದನೇ ಮೆಟ್ಟಿಲಲ್ಲಿ ಅದು ಬಂತು. ಅಂಗೈ ಒದ್ದೆ, ಕೆಳಗೆ ಅದೇ ಬಾವಿ. ಜನವರಿಯಲ್ಲಿ ಹಲಗೆ ಮುರಿದ ಸದ್ದೂ ಕೇಳಿತು. ಮೇಲೂ ಹೋಗಲಾರೆ, ಕೆಳಗೂ ಬರಲಾರೆ. ಎಷ್ಟು ಹೊತ್ತು ಹಾಗೇ ಇದ್ದೆನೋ.

ಕುರ್ಚಿಯಿಂದ ಅತ್ತೆ ಮೆಲ್ಲಗೆ ಅಂದರು, "ಅವಸರ ಇಲ್ಲ ಅಳಿಯಂದಿರೇ. ನನಗೂ ಈ ಕುರ್ಚಿಯಿಂದ ಏಳೋವಾಗ ದಿನಾ ಹಾಗೇ ಆಗುತ್ತೆ. ಬಿದ್ದುಬಿಡ್ತೀನಿ ಅನ್ಸುತ್ತೆ. ಆಮೇಲೆ ಎದ್ದುಬಿಡ್ತೀನಿ."

ಒಂದು ಕೈ ಬಿಟ್ಟು ಪ್ಯಾಂಟಿಗೆ ಒರೆಸಿಕೊಂಡೆ. ಇನ್ನೊಂದು ಕೈ ಬಿಟ್ಟು ಒರೆಸಿಕೊಂಡೆ. ಆರನೇ ಮೆಟ್ಟಿಲು. ಏಳು. ಮಾಳಿಗೆ. ಟ್ಯಾಂಕಿನ ಕಂಬ. ಕೊನೆಗೆ ಟ್ಯಾಂಕಿನ ಮುಚ್ಚಳದ ಮೇಲೆ ಕೂತು, ಕಾಲು ಇಳಿಬಿಟ್ಟು, ಹುಚ್ಚನ ಹಾಗೆ ಜೋರಾಗಿ ಕೂಗಿದೆ. ಬೀದಿಯ ನಾಯಿಗಳೆಲ್ಲ ಬೊಗಳಿದವು.

ಮೇ 26, ಸೋಮವಾರ

ಹದಿನಾಲ್ಕನೇ ಮಹಡಿ.

ಹಗ್ಗವನ್ನು ನಾನೇ ಎಳೆದು ನೋಡಿದೆ, ಹಲಗೆಯ ಮೇಲೆ ನಾನೇ ಕುಣಿದು ನೋಡಿದೆ. ಜೊತೆಯವರೆಲ್ಲ ಬೇರೆ ಕಡೆ ನೋಡುವ ನಟನೆ ಮಾಡುತ್ತಿದ್ದರು. ಅಂಚು ದಾಟುವಾಗ ಎದೆ ಒಂದು ಸಲ ಡವಗುಟ್ಟಿತು. ಡವಗುಟ್ಟಲಿ, ಅದರ ಪಾಡಿಗೆ ಅದು. ರೋಲರ್ ಅದ್ದಿ ಮೊದಲ ಪಟ್ಟಿ ಎಳೆದೆ. ಮೇಲಿನಿಂದ ಕೆಳಕ್ಕೆ, ನೇರ, ಎಲ್ಲೂ ಸೋರದೆ. ಮೇಲಿನಿಂದ ಮೇಸ್ತ್ರಿ ಸಿಳ್ಳೆ ಹಾಕಿದ, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹಾಕಿದರು. ಬುತ್ತಿಯನ್ನು ಅಲ್ಲೇ, ಗಾಳಿಯಲ್ಲೇ ಉಂಡೆ.

ಮನೆಗೆ ಬಂದಾಗ ಬೆಳಕಿನ್ನೂ ಇತ್ತು. ಹಿತ್ತಲಿಗೆ ಹೋದೆ. ಕುರ್ಚಿಯಲ್ಲಿ ಅತ್ತೆ ಇದ್ದರು, ಹೆಂಡತಿ ಕಾಣಲಿಲ್ಲ. "ಹೂ ಬಿರಿಯೋ ಹೊತ್ತಾಯ್ತು. ನೀವು ಸುಸ್ತಾಗಿ ಬರ್ತೀರಿ ಅಂತ ಅವಳೇ ಹೋದ್ಲು" ಎಂದರು ಅತ್ತೆ.

ತಲೆ ಎತ್ತಿದರೆ ಏಣಿಯ ತುದಿಯಲ್ಲಿ ನನ್ನ ಹೆಂಡತಿ. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬ್ರಷ್ಷು ಹಿಡಿದು, ಒಂದೇ ಕೈಯಲ್ಲಿ ನೇತಾಡುತ್ತಿದ್ದಾಳೆ. ನನ್ನ ಜೀವ ಬಾಯಿಗೆ ಬಂತು. ಓಡಿಹೋಗಿ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ, ಗೋಡೆಗೆ ಬಿಗಿದ ಏಣಿ ಎಂಬುದೂ ಮರೆತು. ಕೆಳಗೆ ನಿಂತು ನೋಡುವವರ ಎದೆ ಹೀಗೆ ಹೊಡೆದುಕೊಳ್ಳುತ್ತದೆ ಎಂದು ಇಪ್ಪತ್ತೈದು ವರ್ಷ ನನಗೆ ಗೊತ್ತಿರಲಿಲ್ಲ. ಇವಳು ಈ ಭಯವನ್ನು ದಿನಾ ಬೆಳಗ್ಗೆ ಬುತ್ತಿಯ ಜೊತೆ ಕಟ್ಟಿ, ನಕ್ಕು ಕಳಿಸುತ್ತಿದ್ದಳು.

"ಹುಷಾರು ಕಣೇ! ಕೆಳಗೆ ನೋಡಬೇಡ!"

ಅವಳು ಮಾಳಿಗೆಯ ಮೇಲೆ ಕಾಲಿಟ್ಟು, ತಿರುಗಿ, ಸೊಂಟದ ಮೇಲೆ ಕೈಯಿಟ್ಟು, ಸುತ್ತಲೂ ಕಣ್ಣಾಡಿಸಿದಳು.

"ಅಯ್ಯೋ ರೀ! ಇಲ್ಲಿಂದ ಎಲ್ಲಾ ಕಾಣುತ್ತೆ! ಸಾಲು ಮನೆ, ಬಸ್ಸು, ಆ ಮೋಡ... ಇಷ್ಟು ವರ್ಷ ಇದನ್ನ ಒಬ್ರೇ ನೋಡ್ತಿದ್ರಾ?"

"ನೀನು ಕೇಳಲಿಲ್ಲ."

"ಈಗ ಕೇಳ್ತಿದೀನಿ. ಬನ್ನಿ ಮೇಲೆ!"

ಹತ್ತಿದೆ. ಕೆಳಗಿನಿಂದ ಅತ್ತೆ, "ಇಬ್ರೂ ಅಲ್ಲೇ ಕೂತ್ರೆ ನನಗೆ ಚಹಾ ಮಾಡೋರು ಯಾರು?" ಎಂದು ಕೂಗುತ್ತಲೇ ಇದ್ದರು. ಮಾಳಿಗೆಯ ಅಂಚಿನಲ್ಲಿ ಇಬ್ಬರೂ ಕಾಲು ಇಳಿಬಿಟ್ಟು ಕೂತೆವು. ಸುತ್ತ ಬಿಳಿ ಹೂಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು. ಹದಿನಾಲ್ಕು ಮಹಡಿಯ ಕಟ್ಟಡ ಎಲ್ಲಿದೆ ಎಂದು ಅವಳು ಕೇಳಿದಳು, ನಾನು ತೋರಿಸಿದೆ. ಅದರ ನೆತ್ತಿಯ ಮೇಲೆ, ಇಷ್ಟು ದೂರಕ್ಕೂ ಎದ್ದು ಕಾಣುವಂತೆ, ನಾನು ಬಳಿದ ಹೊಸ ಬಿಳಿ ಪಟ್ಟಿ ಸಂಜೆಯ ಬಿಸಿಲಿಗೆ ಹೊಳೆಯುತ್ತಿತ್ತು.